ನೀಲವ್ವ ನನ್ನ ಕೈಗೆ ಕೊಟ್ಟ ಲಿಂಗ

ದೇವರನ್ನು ಜೋಳದ ಗಡಿಗೆಯಲ್ಲಿ ಬಚ್ಚಿಟ್ಟವರನ್ನು ನೀವು ಎಂದಾದರೂ ಕಂಡಿದ್ದೀರಾ? ಇಲ್ಲವೇ? ಹಾಗಾದರೆ ಕನ್ನಡಕ ಒರೆಸಿಕೊಂಡು ಸರಿಯಾಗಿ ನೋಡಿ — ನಾನೇ. ಹನ್ನೆರಡು ವರ್ಷದವಳಿದ್ದಾಗ ನನ್ನ ಗೆಳತಿ ನೀಲವ್ವನ ಕೊರಳಿನ ಲಿಂಗವನ್ನು ನಮ್ಮ ಅಡಿಗೆಮನೆಯ ಗಡಿಗೆಯಲ್ಲಿ ಎರಡು ದಿನ ಮುಚ್ಚಿಟ್ಟಿದ್ದೆ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಾಚಿಕೆಗೇಡಿನ ಕೆಲಸ ಮಾಡಿದ್ದು ಮೂರನೆಯ ದಿನ. ಅದನ್ನು ಹೊರಗೆ ತೆಗೆದು, ಒಯ್ದು, ಮಠದ ಅಜ್ಜನ, ಅಂದರೆ ಸ್ವಾಮಿಯ, ಕೈಯಲ್ಲಿಟ್ಟು, ಊರವರೆದುರು ನೀಲವ್ವನ ಗುಟ್ಟು ಒದರಿದೆ. ಅದಾಗಿ ಐವತ್ತು ವರ್ಷ. ಯಾಕೆ ಒದರಿದೆ ಎಂಬುದನ್ನು ಗಂಡನ ಮುಂದೆ ಹೇಳಿಲ್ಲ, ಮಕ್ಕಳ ಮುಂದೆ ಹೇಳಿಲ್ಲ, ನೀಲವ್ವನ ಮುಂದಂತೂ —

ಈಗ ಯಾಕೆ ಹೇಳುತ್ತಿದ್ದೇನೆ? ಕೇಳಿದರು, ಅದಕ್ಕೆ. ಹೋದ ತಿಂಗಳು ನನ್ನ ತವರಿನಿಂದ ಅಣ್ಣನ ಮಗ ಈರಣ್ಣ ಫೋನ್ ಮಾಡಿದ್ದ.

"ಅತ್ತಿ, ನಮ್ಮ ಮಠದ ಹಿಂದಿನ ಅಜ್ಜಾರ ನೆನಪಿಗೆ ಒಂದ ಪುಸ್ತಕ ತರಾಕತ್ತೀವ್ರಿ. ನೀವು ಸಣ್ಣವರಿದ್ದಾಗ ಅವರನ್ನ ಕಣ್ಣಾರೆ ನೋಡೀರಿ. ಒಂದ ನಾಕ ಮಾತು ಬರದ ಕಳಸ್ರಿ."

"ಚಲೋ ಇದ್ದದ್ದ ಬರೀಲೋ, ಖರೇ ಇದ್ದದ್ದ ಬರೀಲೋ?"

ಅವನು ನಕ್ಕ. "ಏ, ಎರಡೂ ಒಂದ ಅಲ್ಲೇನ್ರಿ ಅತ್ತಿ!"

ಎರಡೂ ಒಂದೇ ಅಂತೆ. ಆ ನಗು ಕೇಳಿ ನನ್ನ ಮೈಯೆಲ್ಲ ಉರಿಯಿತು. ಪಾಪ, ಅವನಿಗೇನು ಗೊತ್ತು — ಆಗ ಅವನು ಹುಟ್ಟಿಯೇ ಇರಲಿಲ್ಲ. ಬರೆಯುತ್ತೇನೆ ಎಂದೆ.

ಮೊಮ್ಮಗಳು ಸಹನಾ ಈಚೆಗಷ್ಟೇ ನನಗೆ ಫೋನಿನಲ್ಲಿ ಬರೆಯುವುದನ್ನು ಕಲಿಸಿದ್ದಾಳೆ. ಒಂದೇ ಬೆರಳು, ಅದೂ ರೊಟ್ಟಿ ಬಡಿದು ಬಡಿದು ಸೊಟ್ಟಗಾದ ಬೆರಳು. 'ಅಜ್ಜಾರು' ಎಂದು ಒತ್ತಿದರೆ ಸಾಕು, ಈ ಫೋನು ತಾನಾಗಿಯೇ ಕೈಮುಗಿದ ಚಿತ್ರವೊಂದನ್ನು ಮುಂದಿಡುತ್ತದೆ. ಇದಕ್ಕೂ ಯಾರೋ ದೀಕ್ಷೆ ಕೊಟ್ಟಿದ್ದಾರೆ! ಆ ಕೈಗಳನ್ನು ಅಳಿಸಿ ಮುಂದೆ ಹೋಗುತ್ತೇನೆ. ಇನ್ನು ಆ ಮನುಷ್ಯನನ್ನು 'ಅವನು' ಎಂದೇ ಬರೆಯುತ್ತೇನೆ. ಬೇಸರವಾಗುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ನಾನೇನು ಎಲೆ ಹಾಕಿ ಕರೆದಿಲ್ಲ.

ನಮ್ಮದು ನವಲಗುಂದ ಸೀಮೆಯ ಒಂದು ಊರು. ಕಪ್ಪು ಮಣ್ಣಿನ ಎರೆ ಹೊಲ, ಹತ್ತಿ, ಜೋಳ, ನಡುವೆ ಒಂದು ಮಠ. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಮನೆಗಳಲ್ಲಿ ಲಿಂಗವೆಂದರೆ ಮೈಮೇಲಿರುವ ದೇವರು. ಕೂಸಿಗೇ ಕಟ್ಟುತ್ತಾರೆ, ಸತ್ತಾಗ ಅದರೊಡನೆಯೇ ಮಣ್ಣು ಮಾಡುತ್ತಾರೆ. ಜಳಕ ಮಾಡಿ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ತುತ್ತಿಲ್ಲ. ಅದು ಮೈಯಿಂದ ಬಿದ್ದು ಕಳೆದುಹೋದರೆ, ಸಿಗುವವರೆಗೆ ಇಲ್ಲವೇ ಹೊಸದು ಕಟ್ಟುವವರೆಗೆ, ಒಂದು ಗುಟುಕು ನೀರೂ ಕುಡಿಯುವಂತಿಲ್ಲ. ಕೊರಳು ಬರಿದಾದವರು ಮಠದ ಹೊಸ್ತಿಲು ದಾಟುವಂತೆಯೂ ಇರಲಿಲ್ಲ. ಆಗ ನಮ್ಮೂರಿನ ಕಟ್ಟಳೆ ಹಾಗಿತ್ತು, ಅದನ್ನು ಮುರಿದವರನ್ನು ನಾನು ಕಂಡಿರಲಿಲ್ಲ.

ನಾನು ಬಹಳ ಭಕ್ತೆ. ನಗಬೇಡಿ, ಹೌದು. ಹಣೆಯ ವಿಭೂತಿ ಬೆವರಿಗೆ ಅಳಿಸಿದರೆ ಮತ್ತೆ ಹಚ್ಚಿಕೊಂಡೇ ಶಾಲೆಗೆ ಹೋಗುತ್ತಿದ್ದೆ. ಸೋಮವಾರ ಬಂತೆಂದರೆ ಮಠದಲ್ಲಿ ಅವನ ಪಾದಪೂಜೆ. ಪೂಜೆಯ ಬೆಳ್ಳಿ ತಾಟು ಹಿಡಿಯಲು ಊರ ಹುಡುಗಿಯರಲ್ಲಿ ಒಬ್ಬಳನ್ನು ಅವನೇ ಆರಿಸುತ್ತಿದ್ದ. ತಾಟು ಹಿಡಿದವಳ ಮನೆಗೆ ಮೊದಲ ಪ್ರಸಾದ. ದಾರಿಯಲ್ಲಿ ದೊಡ್ಡವರೂ ಅವಳಿಗೆ ಬದಿಗೆ ಸರಿದು ಜಾಗ ಬಿಡುತ್ತಿದ್ದರು. ಪೂಜೆ ಮುಗಿದು ಜನ ಹೋದ ಮೇಲೆ ಆ ಹುಡುಗಿ ಒಳಕೋಣೆಗೆ ಹೋಗಿ ಅವನ ಕಾಲು ಒತ್ತಬೇಕು. ಅದಕ್ಕೆ ಸೇವೆ ಎಂದು ಹೆಸರು.

ಆ ತಾಟಿಗಾಗಿ ನನ್ನ ಜೀವ ಹೇಗೆ ಬಾಯಿ ಬಿಡುತ್ತಿತ್ತು ಎಂದು ಹೇಗೆ ಹೇಳಲಿ — ನಮ್ಮವ್ವ ಮಾತ್ರ ನನ್ನನ್ನು ಸೋಮವಾರ ಮಠದ ಕಡೆ ಬಿಡುತ್ತಿರಲಿಲ್ಲ. "ಈಕಿಗೆ ಹೊಟ್ಟಿ ಕಡಿತರಿ" ಎಂದು ಎಲ್ಲರಿಗೂ ಹೇಳಿ, ಗಟ್ಟಿಮುಟ್ಟಾದ ನನಗೆ ಓಮದ ನೀರು ಕುಡಿಸಿ ಮಲಗಿಸುತ್ತಿದ್ದಳು. ಪ್ರತಿ ಸೋಮವಾರ! ನಾನು ಅತ್ತು ಹೊರಳಾಡಿ ಅವ್ವನಿಗೆ ಶಾಪ ಹಾಕುತ್ತಿದ್ದೆ. ದೇವರ ಸೇವೆ ತಪ್ಪಿಸುವ ಇಂಥ ತಾಯಿ ಯಾಕೆ ಸಿಕ್ಕಳೋ ಎಂದು.

ತಾಟು ಸಿಕ್ಕಿದ್ದು ನೀಲವ್ವನಿಗೆ. ನಮ್ಮ ಓಣಿಯ ತುದಿಯ ಮನೆ. ಅವಳಪ್ಪ ಮಠದ ಹೊಲವನ್ನೇ ಉಳುತ್ತಿದ್ದ. ನಾವಿಬ್ಬರೂ ಒಂದೇ ಕ್ಲಾಸು, ಒಂದೇ ಪಾಟಿ, ಒಬ್ಬಳ ಬುತ್ತಿಯಲ್ಲಿ ಇನ್ನೊಬ್ಬಳ ಕೈ. ನೀಲವ್ವ ಅಂದರೆ ಮಹಾ ಬಾಯಿ. ಮಾಸ್ತರರ ನಡಿಗೆಯನ್ನು ಅವರ ಬೆನ್ನ ಹಿಂದೆಯೇ ನಡೆದು ತೋರಿಸುತ್ತಿದ್ದಳು. ಅಂಥವಳು ಮೂರು ಸೋಮವಾರಗಳಲ್ಲಿ ಮೂಕಿಯಾದಳು. ನಾನು ಏನು ತಿಳಿದೆ ಗೊತ್ತೇ? ಸೊಕ್ಕು ಬಂದಿದೆ ಎಂದು.

ನಾಲ್ಕನೆಯ ವಾರ, ಶುಕ್ರವಾರ. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆವು. ನೀಲವ್ವ ನನ್ನನ್ನು ಸಾಲಿನ ತುದಿಗೆ ಎಳೆದುಕೊಂಡು ಹೋದಳು. ಕೊರಳಿನಿಂದ ದಾರ ಬಿಚ್ಚಿ, ಬಿಳಿ ಅರಿವೆಯಲ್ಲಿ ಸುತ್ತಿದ ಲಿಂಗವನ್ನು ನನ್ನ ಅಂಗೈಯಲ್ಲಿ ಇಟ್ಟಳು.

"ಏನಬೇ ಇದು? ಹುಚ್ಚಿ ಏನ?"

"ನಿನ್ನ ಹಂತ್ಯಾಕ ಇಟ್ಕೊ. ಹೊಲದಾಗ ಬಿದ್ದ ಹೋತಂತ ಹೇಳ್ತೀನಿ. ಕೊಳ್ಳಾಗ ಲಿಂಗ ಇಲ್ಲಂದ್ರ ಒಳಗ ಕರಿಯಂಗಿಲ್ಲ. ಹೊಸಾದು ಬರೂತನಕ ಎರಡ ಸೋಮಾರಾದ್ರೂ ತಪ್ಪತೈತಿ."

"ಯಾಕ? ಸೇವಾ ಯಾಕ ತಪ್ಪಸ್ಕೋತಿ?"

ಅವಳು ಹತ್ತಿ ಗಿಡದ ಎಲೆಯೊಂದನ್ನು ಹರಿದು ಚೂರು ಚೂರು ಮಾಡಿದಳು. "ಬಾಗಲಾ ಹಾಕ್ತಾನಬೇ ಶಾಂತಿ. ಬಾಗಲಾ ಹಾಕಿ —" ಅಷ್ಟೇ. ಮುಂದಿನದನ್ನು ಬಾಯಿಂದ ಹೇಳಲಿಲ್ಲ. ಮೊಣಕೈ ಮೇಲಿನ ಕಂದಿದ ಗುರುತುಗಳನ್ನು ತೋರಿಸಿದಳು, ಬೆರಳುಗಳ ಗುರುತು. "ಅವ್ವಗ ಹೇಳಿದೆ. ದೇವರ ಕಾಲ ಒತ್ತಾಕ ನಿನಗೇನ ನೋವ ಅಂದ್ಲು."

ನಾನು ಆಗ ಏನಂದೆ ಎಂಬುದನ್ನೂ ಬರೆಯಬೇಕು. "ಅಜ್ಜಾರಿಗೆ ಹಾಕ್ತಾನ ಅಂತೀಯಲ್ಲ, ನಾಲಿಗಿ ಬೀಳತೈತಿ ನೋಡು" ಎಂದೆ. ಆ ಗುರುತುಗಳನ್ನು ಕಣ್ಣಾರೆ ನೋಡಿ ಹಾಗೆ ಅಂದೆ. ಆದರೂ ಗೆಳತಿ ಅಲ್ಲವೇ — ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದು ನನ್ನ ಲಿಂಗ ಮುಟ್ಟಿ ಆಣೆ ಮಾಡಿದೆ. ಮನೆಗೆ ಒಯ್ದು ಅಡಿಗೆಮನೆಯ ಅಟ್ಟದ ಮೇಲಿನ ಜೋಳದ ಗಡಿಗೆಯಲ್ಲಿ ಹೂತಿಟ್ಟೆ.

ನೀರಿನ ವಿಚಾರ ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

ಊರೆಲ್ಲ ಹೊಲಕ್ಕೆ ಇಳಿಯಿತು. ಬೇಸಿಗೆ ಹತ್ತಿರ ಬಂದಿತ್ತು, ಎರೆ ನೆಲ ಬಾಯಿ ಬಿಟ್ಟಿತ್ತು, ಕೈ ತೂರಿಸುವಷ್ಟು ಅಗಲದ ಬಿರುಕುಗಳು. ಆ ಬಿರುಕುಗಳಲ್ಲಿ ಕಟ್ಟಿಗೆ ಹಾಕಿ ತಡಕಿದರು, ಹತ್ತಿ ಸಾಲುಗಳಲ್ಲಿ ಮುದುಕಿಯರು ಮೊಣಕಾಲೂರಿ ಹುಡುಕಿದರು. ನಾನೂ ಹುಡುಕಿದೆ. ನಾನೇ ಎಲ್ಲರಿಗಿಂತ ಹೆಚ್ಚು ಹುಡುಕಿದೆ, ಕಳ್ಳಿ! ನೀಲವ್ವನನ್ನು ಪಡಸಾಲೆಯ ಕಂಬದ ಹತ್ತಿರ ಕೂರಿಸಿದ್ದರು. ಶುಕ್ರವಾರ ಸಂಜೆಯಿಂದ ಅವಳು ನೀರು ಮುಟ್ಟಿರಲಿಲ್ಲ. ಹೊಸ ಲಿಂಗ ಕಟ್ಟಿರಿ ಎಂದು ಅವಳಪ್ಪ ಮಠಕ್ಕೆ ಹೋಗಿ ಕೈಮುಗಿದ. ಅವನು ಒಪ್ಪಲಿಲ್ಲ. "ಹುಡುಕ್ರಿ, ಸಿಗತೈತಿ" ಎಂದನಂತೆ. ಅವನಿಗೆ ಅನುಮಾನ ಬಂದಿತ್ತೇ? ಬಂದಿರಬೇಕು. ಈಗ ಯೋಚಿಸಿದರೆ ನನ್ನ ಹಲ್ಲು ಕಟಕಟ ಎನ್ನುತ್ತವೆ, ಉಳಿದ ನಾಲ್ಕೂ.

ಭಾನುವಾರ ಮಧ್ಯಾಹ್ನ ಯಾರಿಗೂ ಕಾಣದಂತೆ ಲಂಗದ ಮರೆಯಲ್ಲಿ ತಂಬಿಗೆ ಇಟ್ಟುಕೊಂಡು ನೀಲವ್ವನ ಹತ್ತಿರ ಹೋದೆ. ಅವಳ ತುಟಿಗಳು ಬಿರಿದಿದ್ದವು. ತಂಬಿಗೆ ನೋಡಿ ಮುಖ ತಿರುಗಿಸಿದಳು.

"ಕುಡಿಬೇ, ಯಾರೂ ನೋಡಂಗಿಲ್ಲ."

"ಲಿಂಗ ಇಲ್ದ ಹೆಂಗ ಕುಡೀಲಿ?"

ನೋಡಿದಿರಾ? ದೇವರನ್ನು ಬಿಚ್ಚಿ ಕೊಟ್ಟವಳು ಅವಳೇ, ದೇವರಿಲ್ಲದೆ ನೀರು ಮುಟ್ಟದವಳೂ ಅವಳೇ. ಅವಳ ಭಕ್ತಿಯ ಮುಂದೆ ನನ್ನದು ಬರೀ ವಿಭೂತಿ. ಅವಳೇ ಉಪಾಯ ಹೇಳಿದಳು, ಪಿಸುಮಾತಿನಲ್ಲಿ: "ಅದನ್ನ ತಗೊಂಬಾ. ಒಂದ ಗಳಿಗಿ ಕಟಗೊಂಡು ನೀರ ಕುಡದು ಮತ್ತ ನಿನ್ನ ಕೈಯಾಗ ಕೊಡ್ತೀನಿ."

"ತರ್ತೀನಿ" ಎಂದೆ. ಓಡಿದೆ. ಗಡಿಗೆಗೆ ಕೈ ಹಾಕಿ ಲಿಂಗ ತೆಗೆದು, ಜೋಳದ ಧೂಳು ಒರೆಸಿ, ಮುಷ್ಟಿಯಲ್ಲಿ ಹಿಡಿದು ಹೊರಬಿದ್ದೆ.

ದಾರಿಯಲ್ಲಿ ಬಾವಿಕಟ್ಟೆಯ ಹತ್ತಿರ ಹೆಂಗಸರು ಮಾತಾಡುತ್ತ ನಿಂತಿದ್ದರು. ಅಜ್ಜಾರು ಅಪ್ಪಣೆ ಕೊಡಿಸಿದ್ದಾರಂತೆ — ಯಾರು ಲಿಂಗ ಹುಡುಕಿ ತರುತ್ತಾರೋ ಆ ಮನೆಯ ಹುಡುಗಿಗೆ ನಾಳೆ ಪೂಜೆಯ ತಾಟು.

ಬಾವಿಯ ಆಚೆ ಓಣಿ ಎರಡಾಗುತ್ತದೆ. ಎಡಕ್ಕೆ ನೀಲವ್ವನ ಮನೆ, ಬಲಕ್ಕೆ ಮಠ.

ನಾನು ಬಲಕ್ಕೆ ಹೋದೆ.

ಇದೇ, ಇಷ್ಟೇ. ಐವತ್ತು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದು ಬೇರೆ. ಗೆಳತಿ ನೀರಿಲ್ಲದೆ ಸಾಯುತ್ತಾಳೆಂದು ಅಂಜಿದೆ, ಸಣ್ಣ ಹುಡುಗಿ, ತಿಳಿಯಲಿಲ್ಲ, ಅವಳ ಜೀವ ಉಳಿಸಲು ಹಾಗೆ ಮಾಡಿದೆ — ಎಷ್ಟು ಚೆಂದದ ಸುಳ್ಳು! ಜೀವ ಉಳಿಸುವುದಾಗಿದ್ದರೆ ಎಡಕ್ಕೆ ಇಪ್ಪತ್ತು ಹೆಜ್ಜೆ ನಡೆದರೆ ಸಾಕಿತ್ತು. ಲಿಂಗ ನನ್ನ ಮುಷ್ಟಿಯಲ್ಲಿಯೇ ಇತ್ತು. ನೀರು ಅವಳ ಮನೆಯ ಹಂಡೆಯಲ್ಲಿಯೇ ಇತ್ತು. ನನಗೆ ಬೇಕಾಗಿದ್ದು ತಾಟು.

ಮಠದ ಅಂಗಳದಲ್ಲಿ ಮೂವತ್ತು ನಲವತ್ತು ಜನ. ನೀಲವ್ವನ ಅಪ್ಪ, ಅವ್ವ ಇಬ್ಬರೂ ಅಲ್ಲೇ. ಅವನು ಕಟ್ಟೆಯ ಮೇಲೆ ಕೂತಿದ್ದ. ಲಿಂಗವನ್ನು ಅವನ ಕೈಯಲ್ಲಿಟ್ಟೆ. "ಎಲ್ಲಿ ಸಿಗ್ತ ಮಗಾ?" ಎಂದು ಕೇಳಿದ. ಧ್ವನಿ ಕಲ್ಲುಸಕ್ಕರೆಯಂತಿತ್ತು. ಹೊಲದಲ್ಲಿ ಸಿಕ್ಕಿತು ಎನ್ನಬಹುದಿತ್ತು. ಆ ಒಂದು ಸುಳ್ಳು ಹೇಳಿದ್ದರೆ ನೀಲವ್ವನ ಗುಟ್ಟಾದರೂ ಉಳಿಯುತ್ತಿತ್ತು. ಆದರೆ ಸುಳ್ಳು ಹೇಳಿದರೆ ಪಾಪ, ನಾನು ಭಕ್ತೆ! ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಕಳದಿಲ್ರಿ ಅಜ್ಜಾರ. ನೀಲವ್ವ ತಾನ ಬಿಚ್ಚಿ ಕೊಟ್ಲರಿ. ನಿಮ್ಮ ಕೋಣ್ಯಾಗ ಬರೂದ ಆಕಿಗೆ ಬ್ಯಾಡಂತ್ರಿ. ನೀವು ಬಾಗಲಾ ಹಾಕ್ತೀರಂತ."

ಆ ಮಾತು ಅಷ್ಟು ಜನರ ಕಿವಿಗೆ ಬಿತ್ತು, ಕೇಳಿ. ಬಾಗಿಲು ಹಾಕುವ ಮಾತು ಹನ್ನೆರಡು ವರ್ಷದ ಹುಡುಗಿಯ ಬಾಯಿಂದ ಹಗಲಿನಲ್ಲಿ, ಅಂಗಳದ ನಡುವೆ ಬಿತ್ತು. ಒಬ್ಬ ಗಂಡಸಾದರೂ ತಲೆ ಎತ್ತಿ ಅವನನ್ನು ನೋಡಿದನೇ? ಇಲ್ಲ. ಹೆಂಗಸರು ಸೆರಗು ಎಳೆದುಕೊಂಡರು, ನೆಲ ನೋಡಿದರು. ಆ ನೆಲದಲ್ಲೇನಿತ್ತು! ಅವರಿಗೆ ಗೊತ್ತಿತ್ತು. ನನ್ನ ಮಾತಿಗೆ ಬೆಚ್ಚಿದವರು ಯಾರೂ ಇರಲಿಲ್ಲ. ಅವರು ಬೆಚ್ಚಿದ್ದು ಅದು ಬಾಯಿಂದ ಹೊರಗೆ ಬಂದದ್ದಕ್ಕೆ. ಅವನೊಬ್ಬನೇ ನಕ್ಕ. "ಹುಡುಗಿ ಮನಸ್ಸು ಕೆಟ್ಟೈತಿ. ಐದ ಸೋಮಾರ ಮಠದಾಗ ಇದ್ದು ಸೇವಾ ಮಾಡ್ಲಿ, ಶುದ್ಧ ಆಕ್ಕಾಳ" ಎಂದ.

ನೀಲವ್ವನ ಅವ್ವ ಮನೆಗೆ ಓಡಿದಳು. ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು, ಅದೇ ಕಂದಿದ ರಟ್ಟೆ. ಎಲ್ಲರ ಮುಂದೆ ಕಪಾಳಕ್ಕೆ ಹೊಡೆದಳು. ನೀಲವ್ವ ಅಳಲಿಲ್ಲ, ಅವ್ವನ ಕಡೆ ನೋಡಲೂ ಇಲ್ಲ. ನನ್ನ ಬರಿಗೈ ನೋಡಿದಳು. ಅವಳಿಗೆ ಆಗಲೂ ಬಾಯಾರಿಕೆ ಇತ್ತು.

ನನಗೆ ತಾಟು ಸಿಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸುದ್ದಿ ಕೇಳಿದ ನಮ್ಮವ್ವ ಹೊಲದಿಂದಲೇ ಬಂದು ನನ್ನ ಜಡೆ ಹಿಡಿದು ಮನೆಗೆ ಎಳೆದೊಯ್ದಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕುಬಿಹಾಳದ ಸೋದರತ್ತೆಯ ಮನೆಗೆ ಕಳಿಸಿದಳು. ಮದುವೆಯಾಗುವವರೆಗೆ ನಾನು ಅಲ್ಲೇ ಬೆಳೆದೆ. ನೀಲವ್ವ ಆ ಐದು ಸೋಮವಾರ ಮಠದಲ್ಲಿದ್ದಳು. ಐದು ಎಂದದ್ದು ಎಷ್ಟಾಯಿತೋ — ಹದಿನಾಲ್ಕು ತುಂಬುವ ಮೊದಲೇ ಅವಳನ್ನು ಕಲಘಟಗಿಯ ಕಡೆ, ದೇವಿಕೊಪ್ಪಕ್ಕೆ, ಹೆಂಡತಿ ಸತ್ತ ಒಬ್ಬನಿಗೆ ಕೊಟ್ಟರು. ಇತ್ತ ಮಠದಲ್ಲಿ ಅವನು ಸಾಯುವವರೆಗೆ ಅಂಬಾರಿಯಲ್ಲಿದ್ದ ಹಾಗೆ ಇದ್ದ. ಸತ್ತಾಗ ಮೂರು ದಿನ ಊರು ಒಲೆ ಹಚ್ಚಲಿಲ್ಲವಂತೆ. ಈಗ ಪುಸ್ತಕ ಬೇರೆ!

ಅವ್ವ ಹಾಸಿಗೆ ಹಿಡಿದಾಗ ನಾನೇ ನೋಡಿಕೊಂಡೆ. ಒಂದು ದಿನ ಗಂಜಿ ಕುಡಿಸುತ್ತ ಕೇಳಿದೆ.

"ಯವ್ವಾ, ಸೋಮಾರಕ್ಕೊಮ್ಮಿ ಓಮದ ನೀರ ಕುಡಸ್ತಿದ್ದೆಲ್ಲ. ನಿನಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ತಂತನ ನಿನ್ನ ಕಳಸಲಿಲ್ಲ."

"ಮತ್ತ ನೀಲವ್ವ?"

ಅವ್ವ ಬಟ್ಟಲು ದೂಡಿದಳು. "ಆಕಿಗೂ ಅವ್ವ ಇದ್ಲು."

ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒಬ್ಬೊಬ್ಬ ತಾಯಿ ತನ್ನ ತನ್ನ ಮಗಳಿಗೆ ಓಮದ ನೀರು ಕುಡಿಸಿ ಮಲಗಿಸಿದಳು, ಪಕ್ಕದ ಮನೆಯವಳು ತಾಟು ಹಿಡಿದು ಹೋಗುವುದನ್ನು ಕಿಟಕಿಯಲ್ಲಿ ನೋಡಿದಳು. ಆದರೆ ನಾನು ಅವ್ವನಿಗೆ ಬೈಯುವ ಬಾಯಿ ಉಳಿಸಿಕೊಂಡಿದ್ದೇನೆಯೇ? ಅವ್ವ ಸುಮ್ಮನಿದ್ದಳು. ನಾನು ನಡೆದು ಹೋಗಿ ಒಪ್ಪಿಸಿದೆ.

ಇಷ್ಟನ್ನು ಬರೆದಿಟ್ಟುಕೊಂಡೆ. ಆದರೆ ಇದು ನನ್ನೊಬ್ಬಳ ಕತೆಯಲ್ಲ, ಅವಳನ್ನು ಕೇಳದೆ ಕಳಿಸುವುದು ಮತ್ತೊಂದು ಸಲ ಒದರಿದ ಹಾಗೆ. ಅದಕ್ಕೆ ಹೋದ ವಾರ ಹುಬ್ಬಳ್ಳಿಗೆ ಬಂದು ಬಸ್ಸು ಬದಲಿಸಿ ದೇವಿಕೊಪ್ಪಕ್ಕೆ ಹೋದೆ. ಈ ನಡುವೆ ಮದುವೆ ಮುಂಜಿಯಲ್ಲಿ ನಾಲ್ಕಾರು ಸಲ ಭೇಟಿಯಾಗಿದ್ದೇವೆ, ಆರಾಮೇನು ಎಂದರೆ ಆರಾಮು ಎಂದಷ್ಟೇ. ನೀಲವ್ವ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂದಲು ಪೂರಾ ಬೆಳ್ಳಗೆ, ಕೊರಳಲ್ಲಿ ಲಿಂಗ. ಸೊಸೆ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಫೋನು ತೆಗೆದು ಸಣ್ಣ ದನಿಯಲ್ಲಿ ಓದತೊಡಗಿದೆ.

"ದನಿ ಯಾಕ ಸಣ್ಣ ಮಾಡ್ತಿ? ಗಟ್ಟಿಯಾಗಿ ಓದು, ನಮ್ಮ ಸೊಸಿನೂ ಕೇಳಲಿ" ಎಂದಳು.

ಓದಿದೆ. ಮೊದಲು ನಾನು ಅವಳ ಹೆಸರು ಹಾಕಿರಲಿಲ್ಲ, 'ಒಬ್ಬ ಹುಡುಗಿ' ಎಂದು ಬರೆದಿದ್ದೆ. ಅಲ್ಲೇ ತಡೆದಳು.

"ಒಬ್ಬ ಹುಡುಗಿ ಅಂದ್ರ ಯಾಕಿ? ನಮ್ಮಪ್ಪ ನನಗ ಹೆಸರ ಇಟ್ಟಿಲ್ಲೇನ?"

ಅಲ್ಲಿಯೇ ಕೂತು ಎಲ್ಲ ಕಡೆ ನೀಲವ್ವ ಎಂದು ತಿದ್ದಿದೆ, ಒಂದು ಬೆರಳಿನಲ್ಲಿ, ಅವಳು ನೋಡುತ್ತಿದ್ದಳು. ಮತ್ತೆ ಓದಿದೆ. ಬಾವಿಕಟ್ಟೆಯ ಹತ್ತಿರ ಬಂದಾಗ ಅವಳ ಕೈ ನಿಂತಿತು.

"ತಾಟಿನ ಸಲವಾಗಿ?"

"ತಾಟಿನ ಸಲವಾಗಿ."

ಕೈಯಲ್ಲಿದ್ದ ಬೀಜವನ್ನು ಮೊರಕ್ಕೆ ಹಾಕಿದಳು. ಆಮೇಲೆ, ಯಾವುದೋ ಬೇರೆ ಊರಿನ ಸುದ್ದಿ ಹೇಳುವವಳ ಹಾಗೆ ಹೇಳಿದಳು: "ನಾ ಸಾಯ್ತೀನಂತ ಅಂಜಿ ಹೇಳೀಯಂತ ತಿಳಕೊಂಡಿದ್ನಿ. ಇಷ್ಟ ವರ್ಷ ಹಂಗ ತಿಳಕೊಂಡಿದ್ನಿ."

ನಾನು ನನಗಾಗಿ ಕಟ್ಟಿಕೊಂಡ ಸುಳ್ಳನ್ನು ಅವಳೂ ನನಗಾಗಿ ಕಟ್ಟಿಟ್ಟಿದ್ದಳು. ನಾನು ಹೋಗಿ ಅದನ್ನೂ ಕಿತ್ತುಕೊಂಡೆ. ಓದದೇ ಬರಬಹುದಿತ್ತೇನೋ, ಆದರೆ —

ಫೋನು ಕೆಳಗಿಟ್ಟು ಅವಳ ಕಾಲು ಮುಟ್ಟಲು ಬಗ್ಗಿದೆ. "ತಪ್ಪಾತು ನೀಲವ್ವಾ" ಎಂದೆ.

ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಹುಣಸೆ ಮೆತ್ತಿದ ಬೆರಳಿನಿಂದ ಆ ಫೋನನ್ನು ನನ್ನ ಕಡೆ ನೂಕಿದಳು.

"ನನ್ನೊಬ್ಬಾಕಿ ಮುಂದ ಹೇಳಿ ಹಗುರಾಗಿ ಹೋಗಾಕ ಬಂದೀಯೇನ? ಅವತ್ತ ಊರ ಮುಂದ ಒದರಿದಿ. ಇದನ್ನೂ ಊರ ಮುಂದನ ಒದರು, ಹೋಗು."